ಸರಕು ಗಾಡಿಯೊಳಗೊಂದು ಮನೆ: ವೆಲ್ಡಿಂಗಿಗೆ ಮೊದಲು ಕೂಡಿಸಬೇಕಾದ ಲೆಕ್ಕ

ನಮ್ಮ ಭಾಗದ ವ್ಯಾಪಾರಿ ವರ್ಗಕ್ಕೆ ಗಾಡಿಯೊಳಗೆ ಮಲಗುವುದು ಹೊಸ ಸಂಗತಿಯಲ್ಲ. ಜಾತ್ರೆಯಿಂದ ಜಾತ್ರೆಗೆ ಸಾಗುವ ಬಳೆಗಾರರು, ಭಾಂಡೆ ಸಾಮಾನಿನವರು, ಬೆಂಡು-ಬತ್ತಾಸಿನವರು, ಕೊಯ್ಲಿನ ಕಾಲಕ್ಕೆ ಪರರಾಜ್ಯಗಳಿಂದ ಯಂತ್ರ ತರುವ ಕೆಲಸಗಾರರು, ಇವರಿಗೆಲ್ಲ ವಾಹನವೇ ರಾತ್ರಿಯ ಮನೆ. ಈಚೆಗೆ ಇದೇ ಸಂಗತಿಗೆ ಕ್ಯಾರವಾನ್, ಕ್ಯಾಂಪರ್ ವ್ಯಾನ್ ಎಂಬ ಹೆಸರುಗಳು ಬಂದು ಒಂದು ಬಗೆಯ ಅಂತಸ್ತೂ ಒದಗಿದೆ. ಕೇರಳ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನೇ ಪ್ರಕಟಿಸಿತು. ಮುಚ್ಚಿದ ಸರಕು ವಾಹನವನ್ನು ಹಾಸಿಗೆ, ಅಡುಗೆ ಕಟ್ಟೆ, ಸೌರ ಫಲಕಗಳಿರುವ ಪುಟ್ಟ ಮನೆಯಾಗಿ ಪರಿವರ್ತಿಸುವ ದೃಶ್ಯಗಳನ್ನು ಮೊಬೈಲಿನಲ್ಲಿ ನೋಡದ ತರುಣರಿಲ್ಲ.

ಇದರ ಫಲವೋ ಏನೋ, ನನ್ನ ಕಕ್ಷಿದಾರರಲ್ಲಿ ಮೂವರು, ಆಳಂದದವರೊಬ್ಬರು, ಅಫಜಲಪುರದವರೊಬ್ಬರು, ಜೇವರ್ಗಿಯವರೊಬ್ಬರು, ಈ ವಿಚಾರ ಎತ್ತಿದ್ದಾರೆ. ಇಬ್ಬರು ಮಾಡಿಸುವ ಮೊದಲು ಕೇಳಿದರು. ಒಬ್ಬರು ಮಾಡಿಸಿ, ಪೆಟ್ಟು ತಿಂದ ಮೇಲೆ ಕೇಳಿದರು. ಅವರಿಂದಲೇ ಪ್ರಾರಂಭಿಸುತ್ತೇನೆ, ಏಕೆಂದರೆ ಆ ಪೆಟ್ಟಿನಲ್ಲಿ ನನ್ನ ಪಾಲೂ ಸ್ವಲ್ಪ ಇದೆ.

ಅಫಜಲಪುರದ ಈ ವ್ಯಾಪಾರಿ ಸ್ಟೀಲ್ ಪಾತ್ರೆಗಳನ್ನು ಮಾರುತ್ತಾರೆ. ದೇವಲ ಗಾಣಗಾಪುರದ ದತ್ತ ಜಯಂತಿ, ಆಳಂದದ ಲಾಡ್ಲೆ ಮಶಾಕರ ಉರುಸು, ಹೋಳಿಯ ನಂತರ ಕಲಬುರಗಿಯ ಶರಣಬಸವೇಶ್ವರ ಜಾತ್ರೆ, ಹೀಗೆ ವರ್ಷದ ಆರೇಳು ತಿಂಗಳು ಗಂಡ-ಹೆಂಡತಿ ಇಬ್ಬರೂ ದಾರಿಯಲ್ಲೇ. ಬ್ಯಾಂಕ್ ಸಾಲದಲ್ಲಿ ಕೊಂಡ ಮುಚ್ಚಿದ ಡಬ್ಬಿಯ ಸರಕು ವಾಹನವೊಂದಿದೆ. ರಾತ್ರಿ ಪಾತ್ರೆಯ ಗಂಟುಗಳ ಮೇಲೆ ಕಂಬಳಿ ಹಾಸಿ ಮಲಗುತ್ತಿದ್ದರು. "ಸಾಹೇಬ್ರ, ಹೆಣಮಗಳು ಎಷ್ಟ್ ದಿನ ಅಂತ ಹಂಗ ಮಲಗ್ತಾಳ್ರಿ" ಎಂದು ಅವರು ಹೇಳಿದ್ದು ನನಗೆ ನೆನಪಿದೆ. ಆಸೆ ತಪ್ಪಲ್ಲ. ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಡಬ್ಬಿಯ ಪಕ್ಕಕ್ಕೆ ಕಿಟಕಿ ಕೊರೆಸಿ, ಕೋನಪಟ್ಟಿಗಳನ್ನು ಗೋಡೆಗೆ ಬೆಸುಗೆ ಹಾಕಿಸಿ, ಮೇಲೊಂದು ಕೆಳಗೊಂದು ಮಂಚ ಮಾಡಿಸಿದರು. ಕಿಟಕಿ ಬೇಕಿದ್ದ ಜಾಗದಲ್ಲಿ ಎರಡು ನಿಲುಗಂಬಗಳಿದ್ದವು, ಅವನ್ನು ಕತ್ತರಿಸಲಾಯಿತು. ಶೆಡ್ಡಿನವರು ಕೊಟ್ಟ ಬಿಲ್ಲಿನಲ್ಲಿ 'ಬಾಡಿ ಕೆಲಸ' ಎಂಬ ಎರಡೇ ಪದಗಳಿದ್ದವು. ವರ್ಷಾಂತ್ಯದಲ್ಲಿ ಆ ಬಿಲ್ಲು ನನ್ನ ಮೇಜಿಗೆ ಬಂದಾಗ ನಾನು ಒಂದು ಪ್ರಶ್ನೆಯನ್ನೂ ಕೇಳದೆ 'ವಾಹನ ದುರಸ್ತಿ' ಖಾತೆಗೆ ಹಾಕಿಸಿದೆ. ಅದು ದುರಸ್ತಿಯಾಗಿರಲಿಲ್ಲ.

ಒಂದು ರಾತ್ರಿ ಜಾತ್ರೆ ಮುಗಿಸಿ ಇನ್ನೊಂದು ಊರಿಗೆ ಹೋಗುವಾಗ ಹಿಂದಿನಿಂದ ಲಾರಿಯೊಂದು ಗುದ್ದಿತು. ಗಂಡ ಚಾಲಕನ ಆಸನದಲ್ಲಿದ್ದರು. ಹೆಂಡತಿ ಹಿಂದೆ ಕೆಳಗಿನ ಮಂಚದಲ್ಲಿ ನಿದ್ರಿಸುತ್ತಿದ್ದರು. ಕಂಬಗಳಿಲ್ಲದ ಪಕ್ಕ ಒಳಕ್ಕೆ ಮಡಚಿಕೊಂಡು ಆಕೆಯ ಕಾಲು ಮುರಿಯಿತು. ಗುದ್ದಿದ ಲಾರಿ ನಿಲ್ಲಲಿಲ್ಲ, ಅದರ ಸಂಖ್ಯೆ ಯಾರಿಗೂ ಸಿಗಲಿಲ್ಲ. ಉಳಿದದ್ದು ಇವರದೇ ವಾಹನದ ವಿಮೆ. ಸರ್ವೇಯರ್ ಬಂದು ನೋಡಿ ಎರಡು ಆಕ್ಷೇಪಣೆ ಬರೆದರು: ನೋಂದಣಿ ಪತ್ರದಲ್ಲಿಲ್ಲದ ಮಾರ್ಪಾಟು, ಮತ್ತು ಸರಕಿನ ಭಾಗದಲ್ಲಿ ವ್ಯಕ್ತಿಯ ಪ್ರಯಾಣ. ವಿಮಾ ಕಂಪನಿ ಇಡೀ ಕ್ಲೇಮನ್ನು ತಿರಸ್ಕರಿಸಿತು.

ವಾಹನದ ಹಾನಿಯ ಮಟ್ಟಿಗೆ ನಮಗೊಂದು ಆಧಾರ ಸಿಕ್ಕಿತು. 2010ರ ಅಮಲೇಂದು ಸಾಹೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಳಕೆಯ ಷರತ್ತು ಮುರಿದ ಮಾತ್ರಕ್ಕೆ ಕ್ಲೇಮನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ, ನಾನ್-ಸ್ಟ್ಯಾಂಡರ್ಡ್ ಆಧಾರದಲ್ಲಿ, ಅಂದರೆ ಒಪ್ಪತಕ್ಕ ಮೊತ್ತದಲ್ಲಿ ಒಂದಂಶ ಕಡಿತ ಮಾಡಿ, ಇತ್ಯರ್ಥಪಡಿಸಬೇಕು ಎಂಬ ನಿಲುವು ತಳೆದಿದೆ. ಪತ್ರವ್ಯವಹಾರ ದೀರ್ಘವಾಗಿ ನಡೆದು ಕೊನೆಗೆ ಒಂದು ಭಾಗ ಕೈಸೇರಿತು. ಆದರೆ ಆ ತಾಯಿಯ ಚಿಕಿತ್ಸೆಯ ಖರ್ಚಿಗೆ ವಾಹನದ ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರ ಹೊಣೆ ವಿಮಾದಾರರದಲ್ಲ ಎಂದು 2002ರ ಆಶಾ ರಾಣಿ ಪ್ರಕರಣದಲ್ಲಿ ತೀರ್ಪಾಗಿದೆ. 1994ರ ತಿದ್ದುಪಡಿಯ ನಂತರ ಸರಕಿನ ಮಾಲೀಕನಿಗೂ ಅವನ ಪ್ರತಿನಿಧಿಗೂ ರಕ್ಷಣೆ ದೊರೆತಿದೆ, ನಿಜ. ಆದರೆ 2007ರ ಚೊಲ್ಲೇಟಿ ಭಾರತಮ್ಮ ಪ್ರಕರಣದ ಪ್ರಕಾರ ಆ ರಕ್ಷಣೆ ಕ್ಯಾಬಿನ್ನಿನಲ್ಲಿ ಕುಳಿತವರಿಗೆ. ಗಂಡನ ಪಕ್ಕದ ಆಸನದಲ್ಲಿ ಕುಳಿತಿದ್ದರೆ ವಾದಿಸಲು ಒಂದು ದಾರಿಯಾದರೂ ಇರುತ್ತಿತ್ತು. ಐದಾರು ಅಡಿ ಹಿಂದೆ ಮಲಗಿದ್ದರಿಂದ ಅದೂ ಇಲ್ಲವಾಯಿತು.

ಈಗ ಕಾನೂನಿನ ಮೂಲಕ್ಕೆ ಬರೋಣ. ಮೋಟಾರು ವಾಹನ ಕಾಯ್ದೆ 1988ರ 52ನೆಯ ಪ್ರಕರಣವನ್ನು ಪ್ರತಿಯೊಬ್ಬ ವಾಹನ ಮಾಲೀಕರೂ ಒಮ್ಮೆ ಓದಬೇಕು. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು ಎಂಬುದು ಅದರ ತಿರುಳು. ಕೇರಳದಿಂದ ಬಂದ ಕೆ. ಜಯಚಂದ್ರ ಪ್ರಕರಣದಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಇದನ್ನೇ ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182-ಎ ಪ್ರಕರಣವು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೆ ರೂ. 5,000 ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ಮಾಲೀಕನಿಗೆ ವಿಧಿಸುತ್ತದೆ. 'ಪ್ರತಿಯೊಂದು' ಎಂಬ ಪದವನ್ನು ಗಮನಿಸಿರಿ: ಕಿಟಕಿ ಒಂದು, ಮಂಚ ಒಂದು, ಛಾವಣಿಯ ಎತ್ತರ ಒಂದು ಎಂದು ಲೆಕ್ಕ ಹಾಕಲು ಅಡ್ಡಿಯಿಲ್ಲ. ಸಾಲದ ವಾಹನವಾಗಿದ್ದರೆ ಸಾಲ ಕೊಟ್ಟ ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆಯದೆ ಕೈಹಚ್ಚಲೇಬಾರದು. ನಮ್ಮ ಪಾತ್ರೆ ವ್ಯಾಪಾರಿಯ ಬ್ಯಾಂಕಿಗೆ ಮಂಚದ ವಿಷಯ ತಿಳಿದದ್ದೇ ಅಪಘಾತದ ನಂತರ.

ಆದರೆ ಇದೇ 52ನೆಯ ಪ್ರಕರಣದ ವಿವರಣೆಯಲ್ಲಿ ಸಣ್ಣ ವ್ಯಾಪಾರಿಗೆ ಉಪಯೋಗವಾಗುವ ಮಾತೊಂದಿದೆ. ವಾಹನದ ರಚನೆಯಲ್ಲಿ ಬದಲಾವಣೆಯಾಗಿ ಅದರ ಮೂಲ ಲಕ್ಷಣವೇ ಬದಲಾದರೆ ಮಾತ್ರ ಅದು 'ಮಾರ್ಪಾಟು'. ಈ ಮಾತಿಗೆ ಮುಂದೆ ಮರಳುತ್ತೇನೆ.

ಹಾಗಾದರೆ ಕಾನೂನುಬದ್ಧವಾದ ಗಾಡಿಮನೆ ಇಲ್ಲವೇ? ಇದೆ. ಕೇಂದ್ರ ಸರ್ಕಾರದ 2004ರ ನವೆಂಬರ್ 5ರ ಅಧಿಸೂಚನೆಯು ವಾಹನಗಳನ್ನು ಸಾರಿಗೆ ಮತ್ತು ಸಾರಿಗೇತರ ಎಂದು ವಿಂಗಡಿಸಿ ಪಟ್ಟಿ ಕೊಟ್ಟಿದೆ. ಸಾರಿಗೆ ವಾಹನಗಳಲ್ಲಿ ಸರಕು ವಾಹನ, ಸಂಚಾರಿ ಕ್ಯಾಂಟೀನ್, ಸಂಚಾರಿ ವರ್ಕ್‌ಷಾಪ್, ಕ್ಯಾಂಪರ್ ವ್ಯಾನ್ ಇವು ಬೇರೆ ಬೇರೆ ವರ್ಗಗಳು. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಸಾರಿಗೇತರ ಪಟ್ಟಿಯಲ್ಲಿದೆ. ಒಂದು ವರ್ಗದಿಂದ ಇನ್ನೊಂದಕ್ಕೆ ಹೋಗಬೇಕಾದರೆ ನೋಂದಣಿ ಪ್ರಾಧಿಕಾರದ, ನಮಗಾದರೆ ಕಲಬುರಗಿಯ ಪ್ರಾದೇಶಿಕ ಸಾರಿಗೆ ಕಚೇರಿಯ, ಪೂರ್ವಾನುಮತಿ ಬೇಕು. ಮೋಟಾರ್ ಕ್ಯಾರವಾನ್‌ಗಳಿಗೆಂದೇ ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನಕವಿದೆ. ಆಸನಗಳ ಬಿಗಿತ, ತುರ್ತು ನಿರ್ಗಮನ, ವಿದ್ಯುತ್ ಮತ್ತು ಅನಿಲದ ಜೋಡಣೆ, ಎಲ್ಲಕ್ಕೂ ಜವಾಬುದಾರಿ ಹೊರುವ ಬಾಡಿ ಕಟ್ಟುವವರು ಬೇಕು. ವರ್ಗ ಬದಲಾದರೆ ರಸ್ತೆ ತೆರಿಗೆ, ವಿಮೆಯ ಕಂತು ಎರಡೂ ಬದಲಾಗುತ್ತವೆ. ಆರ್.ಸಿ.ಯಲ್ಲಿ ಬಾಡಿಯ ವಿಧ, ಆಸನ ಸಂಖ್ಯೆ, ಖಾಲಿ ತೂಕ ಈ ಮೂರು ಅಂಕಣಗಳು ತಿದ್ದುಪಡಿಯಾಗಿ ಬಾರದಿದ್ದರೆ ಕೆಲಸ ಮುಗಿದಿಲ್ಲವೆಂದೇ ತಿಳಿಯಬೇಕು.

ಆಳಂದದ ಕಕ್ಷಿದಾರರು ತೊಗರಿ ಬೇಳೆ ಮಿಲ್ಲಿನವರು. ಮೂರು ವರ್ಷ ಮಿಲ್ಲಿಗೆ ದುಡಿದ ಸರಕು ವ್ಯಾನೊಂದನ್ನು ಮನೆಯಾಗಿಸಿ, ತುಳಜಾಪುರ, ಅಕ್ಕಲಕೋಟೆ, ಪಂಢರಪುರಗಳಿಗೆ ವೃದ್ಧ ತಂದೆತಾಯಿಯರನ್ನು ಕರೆದೊಯ್ಯಬೇಕೆಂಬುದು ಅವರ ಇಚ್ಛೆ. ಮೊಣಕಾಲು ನೋವಿನ ತಾಯಿಗೆ ದಾರಿಯಲ್ಲಿ ಕಾಲು ಚಾಚಲು ಜಾಗ, ಶೌಚದ ಅನುಕೂಲ, ಇಷ್ಟೇ. "ಗಾಡಿ ನಮ್ದೇ ಅದ, ಹಳೇದು ಅದ, ಖರ್ಚೇನು ಬರ್ತದ್ರೀ?" ಎಂದು ಕೇಳಿದರು. ಖರ್ಚು ಪ್ಲೈವುಡ್ಡಿನದಲ್ಲ, ತೆರಿಗೆಯದು.

ಸರಕು ವಾಹನ ಕೊಂಡಾಗ ಫರ್ಮು ಹೂಡುವಳಿ ತೆರಿಗೆ ಜಮೆ, ನಾವೆಲ್ಲ ಐ.ಟಿ.ಸಿ. ಎನ್ನುವುದನ್ನು, ಪಡೆದಿತ್ತು. ಸರಕು ವಾಹನಕ್ಕೆ ಅದು ನ್ಯಾಯವಾಗಿಯೇ ಸಲ್ಲುತ್ತದೆ. ಚಾಲಕನೂ ಸೇರಿ 13 ಜನರವರೆಗಿನ ಪ್ರಯಾಣಿಕ ವಾಹನಕ್ಕೆ, ಪ್ರಯಾಣಿಕ ಸಾರಿಗೆ, ಚಾಲನಾ ತರಬೇತಿಯಂತಹ ಕೆಲವು ವ್ಯವಹಾರಗಳನ್ನು ಬಿಟ್ಟರೆ, 17(5)ನೆಯ ಪ್ರಕರಣ ಅಡ್ಡ ಬರುತ್ತದೆ. ಜಮೆ ಪಡೆದ ವ್ಯಾಪಾರದ ಸ್ವತ್ತನ್ನು ಶಾಶ್ವತವಾಗಿ ಸ್ವಂತಕ್ಕೆ ಒಯ್ದರೆ, ಹಣ ಪಡೆಯದಿದ್ದರೂ ಅದು 'ಪೂರೈಕೆ' ಎನ್ನುತ್ತದೆ ಸಿ.ಜಿ.ಎಸ್.ಟಿ. ಕಾಯ್ದೆಯ ಮೊದಲನೆಯ ಅನುಸೂಚಿ. ಆಗ 18(6)ನೆಯ ಪ್ರಕರಣದಂತೆ ಎರಡು ಮೊತ್ತಗಳಲ್ಲಿ ಹೆಚ್ಚಿನದನ್ನು ಕಟ್ಟಬೇಕು.

ಒಂದು ಉದಾಹರಣೆ. ವಾಹನದ ಬೆಲೆ ರೂ. 6,00,000. ಅಂದಿನ ಶೇ. 28ರ ದರದಲ್ಲಿ ಪಡೆದ ಜಮೆ ರೂ. 1,68,000. ಐದು ವರ್ಷದ ಆಯುಸ್ಸಿನಲ್ಲಿ ಮೂರು ವರ್ಷ ಕಳೆದಿವೆ. ಉಳಿದ ಶೇ. 40, ಅಂದರೆ ರೂ. 67,200. ಇಂದಿನ ಮೌಲ್ಯ ರೂ. 3,00,000 ಎಂದಿಟ್ಟುಕೊಂಡರೆ ಅದರ ಮೇಲೆ, 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳಿಗೆ ಬಂದ ಶೇ. 18ರ ದರದಲ್ಲಿ, ರೂ. 54,000. ಹೆಚ್ಚಿನದು ರೂ. 67,200. ಒಂದು ಮೊಳೆ ಹೊಡೆಯುವ ಮೊದಲೇ ಹೊರಗೆ ಹೋಗುವ ಹಣ ಇದು. ಹಳೆಯ ವಾಹನಕ್ಕೆ ಲಾಭಾಂಶದ ಮೇಲಷ್ಟೇ ತೆರಿಗೆ ಎಂದು ಕೆಲವರು ವಾದಿಸುವುದುಂಟು. ಆ ಸೌಲಭ್ಯ ಜಮೆ ಪಡೆಯದವರಿಗೆ ಮಾತ್ರ. ಫರ್ಮಿನ ಹೆಸರಿನಲ್ಲೇ ಉಳಿಸಿಕೊಂಡು ಯಾತ್ರೆಗೆ ಬಳಸುತ್ತೇನೆ ಎಂದರೆ, ವ್ಯಾಪಾರೇತರ ಬಳಕೆಗೆ ತಕ್ಕಷ್ಟು ಜಮೆ ಹಿಂದಿರುಗಿಸಬೇಕು. ಪರಿವರ್ತನೆಯ ಬಿಲ್ಲಿನ ತೆರಿಗೆಯನ್ನೂ ಜಮೆ ಮಾಡಿಕೊಳ್ಳಲು ಹೋಗಬಾರದು. ಸವಕಳಿಯ ಮಾತೂ ಹಾಗೆಯೇ: ತಾಯಿಯವರ ಯಾತ್ರೆ ಬೇಳೆ ಮಿಲ್ಲಿನ ವೆಚ್ಚವಲ್ಲ.

ಲೆಕ್ಕ ನೋಡಿದ ಆಳಂದದವರು ಒಂದು ವಾರ ಮೌನವಾಗಿದ್ದರು. ವ್ಯಾನನ್ನು ಮಿಲ್ಲಿನ ಕೆಲಸಕ್ಕೇ ಬಿಟ್ಟು, ಯಾತ್ರೆಗೆ ನೋಂದಾಯಿತ ಕ್ಯಾರವಾನ್ ಬಾಡಿಗೆಗೆ ವಿಚಾರಿಸುತ್ತಿರುವುದಾಗಿ ಆಮೇಲೆ ತಿಳಿಸಿದರು. ವರ್ಷಕ್ಕೆ ಹತ್ತು-ಹನ್ನೆರಡು ದಿನದ ಉಪಯೋಗಕ್ಕೆ ಅದೇ ಲೇಸೆಂಬುದು ನನ್ನ ಅಭಿಪ್ರಾಯವೂ ಹೌದು.

ಜೇವರ್ಗಿಯವರದು ಸರಳ. ಕೊಯ್ಲು ಯಂತ್ರ, ಪಂಪುಸೆಟ್ಟುಗಳ ದುರಸ್ತಿ ಅವರ ಕಸುಬು. ಹಂಗಾಮಿನಲ್ಲಿ ಹೊಲದಿಂದ ಹೊಲಕ್ಕೆ ಹೋಗಿ ಅಲ್ಲೇ ಮಲಗುತ್ತಾರೆ. ಅವರಿಗೆ ಬೇಕಾದದ್ದು ಮನೆಯಲ್ಲ, ಸಂಚಾರಿ ವರ್ಕ್‌ಷಾಪು. ಅದರಲ್ಲಿ ಒಂದು ಮಡಚುವ ಮಂಚವಿದ್ದರೆ ಸಾಕು. ಆ ವರ್ಗದಲ್ಲೇ ಅರ್ಜಿ ಹಾಕಲು ಹೇಳಿದ್ದೇನೆ. ವಾಹನವೂ ಅದರಲ್ಲಿ ಕೂರಿಸುವ ಉಪಕರಣಗಳೂ ವ್ಯಾಪಾರದ ಸ್ವತ್ತು, ಪರಿವರ್ತನೆಯ ವೆಚ್ಚ ಬಂಡವಾಳ ವೆಚ್ಚ. ಲೆಕ್ಕಪುಸ್ತಕ ಇಟ್ಟವರಿಗೆ ಅದರ ಮೇಲೆ ಸವಕಳಿ ದೊರೆಯುತ್ತದೆ. ಅಂದಾಜು ಲಾಭದ ಯೋಜನೆಯಲ್ಲಿ ವಿವರಣೆ ಸಲ್ಲಿಸುವವರು ಪ್ರತ್ಯೇಕವಾಗಿ ಕೇಳುವಂತಿಲ್ಲ.

ತೂಕದ ವಿಷಯದಲ್ಲಿ ನಮ್ಮವರು ಬಹಳ ಉದಾರಿಗಳು. 2005ರಲ್ಲಿ ಬಂದು 'ಛೋಟಾ ಹಾಥಿ' ಎಂದು ಹೆಸರಾದ ಟಾಟಾ ಏಸ್ ವಾಹನದ ಸರಕಿನ ಭಾಗ ಸುಮಾರು 7 ಅಡಿ ಉದ್ದ, 5 ಅಡಿಗೆ ತುಸು ಕಡಿಮೆ ಅಗಲ, ಅಂದರೆ 35 ಚದರ ಅಡಿ. ಹೊರುವ ಭಾರ ಸುಮಾರು 750 ಕಿಲೋ. ಮೇಲೆ ಕಬ್ಬಿಣದ ಡಬ್ಬಿ ಕಟ್ಟಿಸಿದರೆ ಅದರಲ್ಲಿ ಒಂದು ದೊಡ್ಡ ಪಾಲು ಅಲ್ಲೇ ಹೋಯಿತು. 18 ಮಿಲಿಮೀಟರ್ ದಪ್ಪದ 8x4 ಪ್ಲೈವುಡ್ ಹಲಗೆಯೊಂದು ಸುಮಾರು 30 ಕಿಲೋ, ನೂರು ಲೀಟರ್ ನೀರು ನೂರು ಕಿಲೋ, ಮನೆಯ ಇನ್ವರ್ಟರಿನ ದೊಡ್ಡ ಬ್ಯಾಟರಿ 50 ಕಿಲೋ ಮೀರುತ್ತದೆ. ಒಬ್ಬ ಮಹನೀಯರು ನೆಲಕ್ಕೆ ಶಹಾಬಾದ ಹಾಸುಗಲ್ಲು ಹಾಕಿಸಬಹುದೇ ಎಂದು ಕೇಳಿದ್ದರು. ತಂಪಾಗಿರುತ್ತದೆ ಎಂಬುದು ಅವರ ವಾದ. ತಂಪೇನೋ ಹೌದು, ಗಾಡಿ ಮಾತ್ರ ಮನೆಯ ಮುಂದೆಯೇ ಇರುತ್ತದೆ. ಮೇಲಿನ ಮಂಚ, ಮೇಲಿನ ನೀರಿನ ಟಾಕಿ, ಛಾವಣಿಯ ಫಲಕ ಎಲ್ಲ ಸೇರಿ ಭಾರ ಮೇಲೇರಿದಷ್ಟೂ ತಿರುವಿನಲ್ಲಿ ವಾಹನ ವಾಲುತ್ತದೆ. ಭಾರವಾದದ್ದೆಲ್ಲ ಕೆಳಗೆ, ಅಚ್ಚುಗಳ ನಡುವೆ ಇರಬೇಕು.

ತಂಪಿಗೆ ಬೇರೆ ದಾರಿಗಳಿವೆ. ಮೇ ತಿಂಗಳಲ್ಲಿ ಭೀಮಾ ತೀರದ ಬಿಸಿಲು 42 ಡಿಗ್ರಿ ದಾಟುವುದು ಸಾಮಾನ್ಯ. ತಗಡಿನ ಡಬ್ಬಿಯೊಳಗೆ ಅದಕ್ಕೂ ಹೆಚ್ಚು. ಛಾವಣಿಗೆ ಬಿಳಿಯ ಪ್ರತಿಫಲಕ ಬಣ್ಣ, ಒಳಗೆ ಉಷ್ಣನಿರೋಧಕ ಹಾಳೆ, ಹಿಂದಿನ ಬಾಗಿಲು ತೆರೆದಾಗ ಇಳಿಬಿಡುವ ಸೊಳ್ಳೆಪರದೆ, ಇವು ಎ.ಸಿ.ಗಿಂತ ಅಗ್ಗ ಮತ್ತು ನಂಬಿಗಸ್ತ. ವಿದ್ಯುತ್ತಿನ ಲೆಕ್ಕ ಇನ್ನೂ ಸುಲಭ. 30 ವ್ಯಾಟ್ ಫ್ಯಾನು ಹತ್ತು ಗಂಟೆಗೆ 300, ಒಂಬತ್ತು ವ್ಯಾಟಿನ ಮೂರು ದೀಪ ಐದು ಗಂಟೆಗೆ 135, ಮೊಬೈಲುಗಳಿಗೆ 30. ಒಟ್ಟು 465 ವ್ಯಾಟ್-ಗಂಟೆ. 12 ವೋಲ್ಟ್, 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯ ಅರ್ಧವನ್ನಷ್ಟೇ ಬಳಸಿದರೂ 600 ದೊರೆಯುತ್ತದೆ. ಅಡುಗೆ ಅನಿಲವನ್ನು ಒಳಗೆ ಉರಿಸಬೇಡಿ. ಗಾಡಿ ಚಲಿಸುವಾಗ ಸಿಲಿಂಡರಿನ ವಾಲ್ವು ಮುಚ್ಚಿರಲೇಬೇಕು.

ಈಗ ಬಿಟ್ಟುಬಂದ 'ಮೂಲ ಲಕ್ಷಣ'ದ ಮಾತು. ಗೋಡೆ ಕೊರೆಯದೆ, ಬೆಸುಗೆ ಹಾಕದೆ, ಡಬ್ಬಿಯೊಳಗೆ ಸರಕಿನಂತೆಯೇ ಏರಿಸಿ ಪಟ್ಟಿಯಿಂದ ಬಿಗಿದು, ಊರು ತಲುಪಿದ ಮೇಲೆ ಬಿಚ್ಚಿ ಹೂಡುವ ಮಂಚ, ಪೆಟ್ಟಿಗೆ, ಒಲೆಯ ಕಟ್ಟೆ, ಬ್ಯಾಟರಿ ಡಬ್ಬ, ಇವು ವಾಹನದ ರಚನೆಯನ್ನು ಮುಟ್ಟುವುದಿಲ್ಲ. ಇವು ಸಾಮಾನು, ಮಾರ್ಪಾಟಲ್ಲ. ನಿಂತ ಗಾಡಿಯಲ್ಲಿ ಮಲಗುವುದು ಪ್ರಯಾಣವೂ ಅಲ್ಲ. ಚಲಿಸುವಾಗ ಮಾತ್ರ ಎಲ್ಲರೂ ಕ್ಯಾಬಿನ್ನಿನಲ್ಲಿ, ಆರ್.ಸಿ.ಯಲ್ಲಿರುವ ಆಸನ ಸಂಖ್ಯೆಯೊಳಗೆ. ವರ್ಷದ ಅರ್ಧ ಭಾಗ ಜಾತ್ರೆಯಲ್ಲಿರುವವರಿಗೆ ಇದಕ್ಕಿಂತ ಉತ್ತಮ ಮಾರ್ಗ ನನಗೆ ಕಂಡಿಲ್ಲ.

ಸಣ್ಣ ಕೈಗಾರಿಕೋದ್ಯಮಿಗಳಿಗೆ ಇಲ್ಲೊಂದು ಕೆಲಸವಿದೆ. ಕಪನೂರು ಕೈಗಾರಿಕಾ ಪ್ರದೇಶದಲ್ಲಿಯೂ ತಾಲೂಕು ಕೇಂದ್ರಗಳಲ್ಲಿಯೂ ಕಬ್ಬಿಣ ಬಗ್ಗಿಸಬಲ್ಲ ಶೆಡ್ಡುಗಳಿಗೆ ಕೊರತೆಯಿಲ್ಲ. ಏಳು ಅಡಿಯ ಡಬ್ಬಿಗೊಂದು, ಒಂಬತ್ತು ಅಡಿಯದಕ್ಕೊಂದು ಅಳತೆಯಲ್ಲಿ ಮಡಚುವ ಮಂಚ-ಪೆಟ್ಟಿಗೆಯ ಸೆಟ್ಟು ಮಾಡಿ ಮಾರಿದರೆ ಅದು ಪೀಠೋಪಕರಣದ ಮಾರಾಟ, ಶೇ. 18ರ ತೆರಿಗೆ, ಯಾವ ಸಾರಿಗೆ ಕಚೇರಿಯ ತೊಡಕೂ ಇಲ್ಲ. ದಯವಿಟ್ಟು ಬಿಲ್ಲಿನಲ್ಲಿ 'ಬಾಡಿ ಕೆಲಸ' ಎಂದು ಬರೆಯಬೇಡಿ. ಏನು ಮಾಡಿದಿರೋ ಅದನ್ನು ಬರೆಯಿರಿ. ಗಿರಾಕಿ ಕಂಬ ಕತ್ತರಿಸಲು ಹೇಳಿದರೆ ಪೂರ್ವಾನುಮತಿಯ ಪತ್ರ ಕೇಳಿರಿ. ಇನ್ನು 15 ವರ್ಷ ಮೀರಿದ ಹಳೆಯ ಗಾಡಿಯನ್ನು ಅಗ್ಗಕ್ಕೆ ಕೊಂಡು ಮನೆ ಮಾಡುವ ಆಲೋಚನೆ ಬೇಡ. 2022ರ ಏಪ್ರಿಲ್‌ನಿಂದ ಅವುಗಳ ಕ್ಷಮತಾ ಪತ್ರ ಮತ್ತು ನವೀಕರಣದ ಶುಲ್ಕ ಅನೇಕ ಪಟ್ಟು ಏರಿದೆ.

ಅಫಜಲಪುರದವರ ಡಬ್ಬಿಗೆ ಹೊಸ ಕಂಬಗಳು ಬಂದಿವೆ, ಕಿಟಕಿ ಮುಚ್ಚಿದೆ. ಹಿಂದಿನ ವರ್ಷದ 'ವಾಹನ ದುರಸ್ತಿ'ಯನ್ನು ತಿದ್ದಿ, ಪರಿಷ್ಕೃತ ವಿವರಣೆ ಸಲ್ಲಿಸಿ, ಹೆಚ್ಚುವರಿ ತೆರಿಗೆ ಕಟ್ಟಿಸಿದೆ. ಆ ಕೆಲಸಕ್ಕೆ ನಾನು ಶುಲ್ಕ ಪಡೆಯಲಿಲ್ಲ. ಕಳೆದ ತಿಂಗಳು ದಂಪತಿಗಳಿಬ್ಬರೂ ಕಚೇರಿಗೆ ಬಂದಿದ್ದರು. ಆಕೆ ಕೋಲಿಲ್ಲದೆ ಮೆಟ್ಟಿಲು ಹತ್ತಿದರು, ನಿಧಾನವಾಗಿ. ಗಂಡ ಮಡಚುವ ಮಂಚದ ಕೊಟೇಶನ್ ಮುಂದಿಟ್ಟು, "ಇದನ್ನ ಯಾವ ಖಾತಿಗಿ ಹಾಕ್ತೀರಿ ಸಾಹೇಬ್ರ?" ಎಂದರು. ನಾನು ಮೊದಲು ಆರ್.ಸಿ. ತೋರಿಸಲು ಹೇಳಿದೆ.